ಗ್ರಾಂಡೆ ದ್ವೀಪಕ್ಕೆ, ಈಜು ಬಾರದವರ ಜೊತೆ

ಬೆಳಿಗ್ಗೆ ಪಣಜಿಯ ಎದುರು ದಡದ ಮಾಲಿಂ ಜೆಟ್ಟಿ ಬಿಟ್ಟ ಸ್ಕೂಬಾ ಡೈವಿಂಗಿನ (ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿ ಸಮುದ್ರದಲ್ಲಿ ಮುಳುಗುವುದು) ದೋಣಿ ಮಾಂಡೋವಿಯ ಅಳಿವೆ ದಾಟಿ, ಆಗ್ವಾದ ಕೋಟೆಯನ್ನು ಬಲಕ್ಕೆ ಬಿಟ್ಟು ದಕ್ಷಿಣಕ್ಕೆ ಹೊರಳುತ್ತದೆ. ಅರ್ಧ ದೋಣಿ ಹುಬ್ಬಳ್ಳಿ, ಬೆಳಗಾವಿ ಕಡೆಯವರೇ. ಗ್ರಾಂಡೆ ದ್ವೀಪ ಕಾಣುವ ಹೊತ್ತಿಗೆ ಆ ಪ್ರಶ್ನೆ ಬಂದೇ ಬರುತ್ತದೆ: "ಅಣ್ಣಾರ, ನನಗ ಈಜಾಕ ಬರಂಗಿಲ್ಲ. ನಡೀತೈತೇನ್ರಿ?"

ನಡೆಯುತ್ತದೆ. ಮೊದಲ ಸಲದವರನ್ನು 12 ಮೀಟರಿಗಿಂತ ಕೆಳಗೆ ಒಯ್ಯುವಂತಿಲ್ಲ. ಬೋಧಕರು ಕೈಗೆಟಕುವಷ್ಟು ಹತ್ತಿರವೇ ಇರಬೇಕು. ಈಜಿನ ಪರೀಕ್ಷೆ ಡೈವಿಂಗ್ ಕಲಿತವರಿಗೆ ಕೊಡುವ ಓಪನ್ ವಾಟರ್ ಸರ್ಟಿಫಿಕೇಟಿಗೆ: 200 ಮೀಟರ್ ಈಜು, ಇಷ್ಟೇ ಹೊತ್ತಿನಲ್ಲಿ ಮುಗಿಸಬೇಕೆಂದಿಲ್ಲ, ಜೊತೆಗೆ 10 ನಿಮಿಷ ತೇಲಾಟ.

ನೀರಿನಡಿ ತಾಪತ್ರಯ ಕೊಡುವವರಲ್ಲಿ ಕೆರೆ-ಬಾವಿಯಲ್ಲಿ ಪಳಗಿದ ಈಜುಗಾರರೂ ಇರುತ್ತಾರೆ. ಕೈ ಬೀಸುತ್ತಾರೆ, ದಮ್ಮು ಕಟ್ಟುತ್ತಾರೆ. ಕೈ ಬೀಸಿದರೆ ಗಾಳಿ ಬೇಗ ಖಾಲಿ; ತಳದ ಮಣ್ಣೆದ್ದು ಮೊದಲೇ ಮಬ್ಬಾದ ನೀರು ಇನ್ನಷ್ಟು ಮಬ್ಬು. (ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ತಿಳಿನೀರು ಕಂಡವರಿಗೆ ಗೋವಾ ಸಪ್ಪೆಯೇ.) ದಮ್ಮು ಕಟ್ಟುವುದು ಮಾತ್ರ ನಕ್ಕು ಬಿಡುವ ವಿಷಯವಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡರಷ್ಟು. ಅಲ್ಲಿ ಸಿಲಿಂಡರಿನಿಂದ ಎಳೆದುಕೊಂಡ ಗಾಳಿ ಮೇಲೇರುವಷ್ಟರಲ್ಲಿ ಇಮ್ಮಡಿ ಹಿಗ್ಗುತ್ತದೆ; ಬಾಯಿ ಬಿಗಿದಿದ್ದರೆ ಶ್ವಾಸಕೋಶ ಹರಿಯಬಹುದು. ಬಾವಿಯಲ್ಲಿ ಮುಳುಗುವವನು ಮೇಲಿಂದ ಒಯ್ದ ಗಾಳಿಯನ್ನೇ ಮೇಲೆ ತರುತ್ತಾನೆ, ಆದ್ದರಿಂದ ಅಲ್ಲಿ ಈ ಅಪಾಯವಿಲ್ಲ.

ಕಿವಿಯ ಮೇಲಿನ ಒತ್ತಡ ಸರಿದೂಗಿಸಲು ಇಳಿಯುವಾಗ ಮೊದಲ ಮೀಟರಿನಿಂದಲೇ ಮೂಗು ಹಿಂಡಿ ಮೆಲ್ಲಗೆ ಊದಬೇಕು, ನೋವು ಬಂದ ಮೇಲಲ್ಲ. ಕಿವಿ ಬಿಡದಿದ್ದರೆ ಒಂದು ಮೀಟರ್ ಮೇಲೇರಿ ಮತ್ತೆ ಪ್ರಯತ್ನ. ನೆಗಡಿಯವರು ದೋಣಿಯಲ್ಲೇ ಕೂರಲಿ. ಮಾಸ್ಕಿಗೆ ನೀರು ನುಗ್ಗಿದರೆ ಮೇಲಂಚನ್ನು ಹಣೆಗೊತ್ತಿ, ತಲೆ ತುಸು ಎತ್ತಿ, ಮೂಗಿನಿಂದ ಉಸಿರು ಬಿಟ್ಟರೆ ಕೆಳಗಿಂದ ಹೊರಹೋಗುತ್ತದೆ. ದಪ್ಪ ಮೀಸೆಯವರಿಗೆ ಈ ಕೆಲಸ ಪದೇಪದೇ.

ಈಜು ನಿಜಕ್ಕೂ ಬೇಕಾಗುವುದು ಮೇಲೆ ಎದ್ದಾಗ: ದೋಣಿ ದೂರವಿದ್ದು ಸೆಳೆತವೂ ಇದ್ದರೆ. ಆಗಲೂ ಮೊದಲ ಕೆಲಸ ಜಾಕೆಟ್ಟಿಗೆ ಗಾಳಿ ತುಂಬುವುದು. ತೇಲದಿದ್ದರೆ ಮುಳುಗಲೆಂದು ಸೊಂಟಕ್ಕೆ ಕಟ್ಟಿದ ಸೀಸದ ಪಟ್ಟಿ ಕಳಚಿ ಬಿಡುವುದು. ದೋಣಿ ಹತ್ತುವ ತನಕ ಮಾಸ್ಕು, ಬಾಯಲ್ಲಿ ಕಚ್ಚಿ ಉಸಿರಾಡುವ ರೆಗ್ಯುಲೇಟರ್ ತೆಗೆಯಬಾರದು. ಗಾಬರಿಯಾದವರು ಮೊದಲು ಕೀಳುವುದು ಅವನ್ನೇ.

ಸಂಜೆಯೇ ಚೋರ್ಲಾ ಘಾಟು ಹತ್ತಿ ಬೆಳಗಾವಿಗೆ ಹೊರಡುವ ಅವಸರ ಬೇಡ. ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರ; ನೀರಿನಡಿ ಮೈಗೆ ಸೇರಿದ ಸಾರಜನಕ ಎತ್ತರಕ್ಕೆ ಹೋದರೆ ಗುಳ್ಳೆಗಟ್ಟಬಹುದು. ವಿಮಾನ ಹತ್ತುವ ಮುಂಚಿನ ಗಡುವೇ ಇದಕ್ಕೂ. ಒಂದು ಡೈವ್ ಆಗಿದ್ದರೆ 12 ಗಂಟೆ, ಎರಡಾಗಿದ್ದರೆ 18. ಅಂದಿನ ರಾತ್ರಿ ಮೀನೂಟ ಪಣಜಿಯಲ್ಲೇ.