ಬಿಳಿ ಹಲ್ಲಿಗೆ ಕಪ್ಪು ಬಳಿದ ಹುಡುಗಿ

ಈ ವಾರ ಸಮುರಾಯ್ ಕಾಳಗದ ಬಗ್ಗೆ ಒಂದು ವಿಡಿಯೊ ನೋಡಿದೆ. ಇಪ್ಪತ್ತು ನಿಮಿಷವೂ ಬರೀ ಕತ್ತಿ. ಅದರ ಬಾಗು, ಅದರ ಹೊಳಪು, ಒಂದೇ ಏಟಿಗೆ ಉರುಳುವ ತಲೆ. ಉರುಳಿದ ಮೇಲೆ ಆ ತಲೆ ಎಲ್ಲಿಗೆ ಹೋಯಿತು ಅಂತ ಅದರಲ್ಲಿ ಯಾರೂ ಕೇಳಲಿಲ್ಲ. ಅದನ್ನು ಹೇಳಿದವಳು ಓ-ಆನ್, ಯುದ್ಧದ ಹೊತ್ತಿಗೆ ಕೋಟೆಯೊಳಗೇ ಇದ್ದ ಒಬ್ಬ ಸಮುರಾಯ್ ಮಗಳು. ಅವಳ ನೆನಪಿನ ಆ ಕೆಲವೇ ಪುಟ ಮತ್ತೆ ತೆಗೆದು ಓದಿದ್ದೇ ತಡ, ಒಂದು ಚಿತ್ರ ಕಣ್ಣಿಗೆ ಅಂಟಿ ಕೂತಿದೆ: ಕೋಟೆಯ ಮೇಲುಪ್ಪರಿಗೆಯಲ್ಲಿ ಒಬ್ಬ ಹುಡುಗಿ ಕೂತು ಸತ್ತವನ ಹಲ್ಲಿಗೆ ಕಪ್ಪು ಬಳಿಯುತ್ತಿದ್ದಾಳೆ.

1600ನೇ ಇಸವಿ, ಜಪಾನಿನ ಓಗಾಕಿ ಕೋಟೆ. ತೊಕುಗಾವಾ ಇಯೆಯಾಸುವಿನ ವಿರುದ್ಧದ ಪಡೆಯ ಮುಂದಾಳು ಇಶಿದಾ ಮಿತ್ಸುನಾರಿ ಮಳೆಯ ರಾತ್ರಿಯಲ್ಲಿ ಇಲ್ಲಿಂದಲೇ ಸೆಕಿಗಹಾರಾದ ಕಾಳಗಕ್ಕೆ ಹೊರಟು ಮರುದಿನ ಸೋತ. ಓ-ಆನ್‌ಳ ಅಪ್ಪ ಅವನ ಕಡೆಯವನು, ಕುಟುಂಬವೆಲ್ಲ ಕೋಟೆಯೊಳಗೆ. ಹೆಂಗಸರಿಗೆ ಎರಡು ಕೆಲಸ. ಒಂದು, ಸೀಸ ಕರಗಿಸಿ ಬಂದೂಕಿನ ಗುಂಡು ಎರೆಯುವುದು. ಇನ್ನೊಂದು, ತಮ್ಮ ಕಡೆಯವರು ಕಡಿದು ತಂದ ತಲೆಗಳಿಗೆ ಒಂದೊಂದಕ್ಕೂ ಚೀಟಿ ಕಟ್ಟಿ ಸಾಲಾಗಿ ಇಡುವುದು. ಬಿಳಿ ಹಲ್ಲಿನ ತಲೆ ಬಂದರೆ, ಇದಕ್ಕೆ ಕಪ್ಪು ಹಚ್ಚಿಕೊಡಿ ಅಂತ ಕೇಳಿಕೊಳ್ಳುತ್ತಿದ್ದರಂತೆ. ಹಲ್ಲು ಕಪ್ಪಾಗಿದ್ದರೆ ಅದು ದೊಡ್ಡ ಮನೆತನದವನ ತಲೆ, ಬೆಲೆ ಹೆಚ್ಚು.

ಹಲ್ಲಿಗೆ ಹಚ್ಚುವ ಆ ಕಪ್ಪು ಹೇಗಾಗುತ್ತದೆ ಗೊತ್ತೆ? ಕಬ್ಬಿಣದ ಚೂರುಗಳನ್ನು ಹುಳಿ ದ್ರವದಲ್ಲಿ ತಿಂಗಳುಗಟ್ಟಲೆ ನೆನೆಹಾಕಬೇಕು. ಆ ನೀರು ಗಬ್ಬು ನಾರುತ್ತದೆ. ಮರದ ಗಂಟುಕಾಯಿಯ ಒಗರು ಪುಡಿಯ ಜೊತೆ ಅದನ್ನು ಹಲ್ಲಿಗೆ ಮತ್ತೆ ಮತ್ತೆ ಹಚ್ಚಬೇಕು. ಒಗರೂ ಕಬ್ಬಿಣವೂ ಸೇರಿ ಕಪ್ಪಾಗುತ್ತದೆ. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಬೆರೆಸಿ ನಮ್ಮ ಹಿರಿಯರು ಮಸಿ ಮಾಡುತ್ತಿದ್ದದ್ದೂ ಇದೇ ರಸಾಯನ. ಬದುಕಿದ್ದವರಿಗೇ ಒಂದು ಸಲಕ್ಕೆ ಹಿಡಿಯದ ಬಣ್ಣ ಅದು, ಒಂದೆರಡು ದಿನಕ್ಕೊಮ್ಮೆ ಹೊಸದಾಗಿ ಹಚ್ಚಬೇಕು. ಅದನ್ನು ತಣ್ಣಗಾದ ಬಾಯಿ ಬಿಡಿಸಿ ಹಚ್ಚಬೇಕಿತ್ತು.

ಯಾಕೆ ಇಷ್ಟೆಲ್ಲ? ಯಾಕೆಂದರೆ ಸಮುರಾಯ್ ಯುದ್ಧ ನಡೆದದ್ದು ಲೆಕ್ಕಪತ್ರದ ಮೇಲೆ. ಸಾಧಿಸಿದ್ದಕ್ಕೆ ಪುರಾವೆ ಇದ್ದರೆ ಭೂಮಿ, ಇಲ್ಲದಿದ್ದರೆ ಇಲ್ಲ. 1274ರಲ್ಲಿ ಹಕಾತಾದಲ್ಲಿ ಮಂಗೋಲರ ವಿರುದ್ಧ ಕಾದಾಡಿದ ತಾಕೆಝಾಕಿ ಸುಏನಾಗಾ ಇನಾಮು ಬರಲಿಲ್ಲವೆಂದು ಕುದುರೆ, ಜೀನು ಮಾರಿ ದಾರಿಖರ್ಚು ಹೊಂದಿಸಿಕೊಂಡು ಆಗಿನ ಸಮುರಾಯ್ ಸರ್ಕಾರದ ಕೇಂದ್ರ ಕಾಮಾಕುರಾದವರೆಗೆ ಹೋಗಿ ಅಹವಾಲು ಹೇಳಿಕೊಂಡ. 14ನೇ ಶತಮಾನದ ಯೋಧರು ಕಾಳಗ ಮುಗಿದ ಮೇಲೆ ವರದಿ ಬರೆದು ಕೊಡುತ್ತಿದ್ದರು: ಯಾವ ದಿನ, ಯಾವ ಜಾಗ, ಎಲ್ಲಿ ಗಾಯ, ನೋಡಿದವರು ಯಾರು. ದಳಪತಿ ಓದಿ ರುಜು ಹಾಕುತ್ತಿದ್ದ. ಕುದುರೆ ಸತ್ತರೂ ಬರೆಯುತ್ತಿದ್ದರು.

ಆ ವರದಿಗಳಲ್ಲಿ ದಾಖಲಾದ ಗಾಯಗಳನ್ನು ಎಣಿಸಿದರೆ ನಾಲ್ಕರಲ್ಲಿ ಹೆಚ್ಚುಕಡಿಮೆ ಮೂರು ಬಾಣದವು. ಕತ್ತಿಯದು ಸುಮಾರು ಕಾಲು ಭಾಗ. ಮುಂದಿನ ಎರಡು ಶತಮಾನಗಳಲ್ಲಿ ಭರ್ಜಿ ಮುಂದೆ ಬಂತು, 1543ರಲ್ಲಿ ತಾನೆಗಶಿಮಾ ದ್ವೀಪಕ್ಕೆ ಬಂದಿಳಿದ ಪೋರ್ಚುಗೀಸರ ಬಂದೂಕೂ ಸೇರಿಕೊಂಡಿತು. ಕತ್ತಿ ಇನ್ನಷ್ಟು ಹಿಂದೆ ಸರಿಯಿತು. ಬಿದ್ದವನ ಕುತ್ತಿಗೆ ಕೊಯ್ಯುವಾಗ ಅಲಗು ಬೇಕಾಗುತ್ತಿತ್ತು, ಅದು ನಿಜ. ತಲೆ ಕೊಯ್ಯಲು ಬಗ್ಗಿದವನ ಬೆನ್ನು ಬಯಲಾಗಿರುತ್ತದೆ, ಸಾಲು ಒಡೆಯುತ್ತದೆ. ಹಾಗಾಗಿಯೇ 14ನೇ ಶತಮಾನದಲ್ಲಿ, ತಲೆಯನ್ನು ಪಕ್ಕದವನಿಗೆ ತೋರಿಸಿ ಅಲ್ಲೇ ಬಿಟ್ಟು ಮುಂದೆ ನಡೆ ಎಂಬ ಆಜ್ಞೆ ಹೊರಟಿತು. ಆದರೂ ತಲೆಯ ಆಸೆ ಹೋಗಲಿಲ್ಲ.

ಕಾಲಾಳುಗಳ ಬಾಯಲ್ಲೇ ಹೇಳಿಸಿದ 17ನೇ ಶತಮಾನದ ಕೈಪಿಡಿ ಒಂದಿದೆ, ‘ಝೋಹ್ಯೋ ಮೊನೊಗಾತಾರಿ’. ಭರ್ಜಿ ಇರುವುದು ಚುಚ್ಚಲಿಕ್ಕೆ ಅಂದುಕೊಳ್ಳಬೇಡಿ, ಎಲ್ಲರೂ ಒಟ್ಟಿಗೆ ಎತ್ತಿ ಮೇಲಿನಿಂದ ಬಡಿಯಿರಿ ಅನ್ನುತ್ತದೆ ಅದು. ಸರಿಯಾದ ಮಾತು. ಐದಾರು ಮೀಟರ್ ಉದ್ದದ ಕೋಲಿನ ತುದಿ ಬಳುಕುತ್ತದೆ, ಗುರಿ ಹಿಡಿದು ಚುಚ್ಚಲು ಆಗುವುದಿಲ್ಲ. ಅದೇ ಉದ್ದ ಮೇಲಿನಿಂದ ಬಿದ್ದರೆ ಹೆಗಲು ಮುರಿಯುತ್ತದೆ. ಒಬ್ಬ ತಾಳ ತಪ್ಪಿದರೆ ಪಕ್ಕದವನ ಕೋಲಿಗೆ ಕೋಲು ಸಿಕ್ಕಿ ಸಾಲೇ ಕೆಡುತ್ತದೆ.

ಬಂದೂಕಿನದು ಇನ್ನೂ ಕಷ್ಟ. ನಳಿಗೆಗೆ ಮದ್ದು ಸುರಿ, ಗುಂಡು ಹಾಕು, ಮರದ ಗಜದಿಂದ ಜಡಿ, ಕಿವಿಯ ಬಟ್ಟಲಿಗೆ ನುಣ್ಣನೆ ಮದ್ದು ಹಾಕಿ ಮುಚ್ಚಳ ಮುಚ್ಚು, ಉರಿಯುವ ಬತ್ತಿ ಸಿಕ್ಕಿಸು, ಮುಚ್ಚಳ ತೆರೆ, ಹಾರಿಸು. ನುರಿತ ಕೈಗೂ ಅರ್ಧ ನಿಮಿಷದ ಹತ್ತಿರ ಬೇಕು. ಮುಚ್ಚಳ ಮುಚ್ಚುವ ಮೊದಲೇ ಬತ್ತಿಯ ಕಿಡಿ ಬಿದ್ದರೆ ಸ್ವಂತ ಮುಖ ಸುಟ್ಟೀತು. ಕೆಲವು ಸುತ್ತು ಹಾರಿಸಿದ ಮೇಲೆ ನಳಿಗೆಯೊಳಗೆ ಮಸಿ ಕಟ್ಟಿಕೊಂಡು ಗುಂಡು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ, ಒತ್ತಿ ಜಡಿದರೆ ಗಜ ಮುರಿಯುತ್ತದೆ. ಆಮೇಲೆ ಸಣ್ಣ ಗುಂಡೇ ಗತಿ. ಮಳೆಗೆ ಬತ್ತಿ ಆರಿದರೆ ಬಂದೂಕು ಬರೀ ದೊಣ್ಣೆ. ಕುದುರೆ ಸವಾರ ನುಗ್ಗಿ ಬಂದರೆ ಮೊದಲು ಕುದುರೆಗೆ ಹೊಡೆ, ಆಮೇಲೆ ಸವಾರನಿಗೆ ಅನ್ನುತ್ತದೆ ಕೈಪಿಡಿ. ಇದರಲ್ಲಿ ಶೌರ್ಯದ ಮಾತೇ ಇಲ್ಲ, ಆ ಕಾರಣಕ್ಕೇ ಈ ಕೈಪಿಡಿಯನ್ನು ನಂಬುತ್ತೇನೆ.

ಊಟದ ಲೆಕ್ಕವೂ ಅಲ್ಲೇ ಇದೆ. ದಿನಕ್ಕೆ ಒಬ್ಬನಿಗೆ ನೀರು 1 ಶೋ, ಅಂದರೆ 1.8 ಲೀಟರ್, ಅಕ್ಕಿ 6 ಗೋ, ಅಂದರೆ ಒಂದು ಲೀಟರಿಗೂ ತುಸು ಹೆಚ್ಚು ಅಳತೆ. ಹತ್ತು ಜನಕ್ಕೆ ಉಪ್ಪು 1 ಗೋ, ಮಿಸೊ, ಅಂದರೆ ಹುದುಗಿಸಿದ ಸೋಯಾ ಹಿಟ್ಟು, 2 ಗೋ. ಬಹಳ ದಿನದ ಅಕ್ಕಿ ಒಟ್ಟಿಗೆ ಕೊಡಬೇಡಿ, ಕುಡುಕರು ಅದರಲ್ಲಿ ಹೆಂಡ ಮಾಡಿ ಕುಡಿದು ಆಮೇಲೆ ಉಪವಾಸ ಬೀಳುತ್ತಾರೆ. ಕೆಸುವಿನ ದಂಟನ್ನು ಮಿಸೊದಲ್ಲಿ ಬೇಯಿಸಿ ಒಣಗಿಸಿ ಹಗ್ಗ ಹೊಸೆದು ಗಂಟುಮೂಟೆ ಕಟ್ಟಿ, ಬೇಕೆಂದಾಗ ತುಂಡು ಮಾಡಿ ನೀರಿಗೆ ಹಾಕಿ ಕುದಿಸಿದರೆ ಸಾರು. ಶತ್ರುವಿನ ಊರಿನ ಬಾವಿ ನೀರು ಕುಡಿಯಬೇಡಿ, ಒಳಗೆ ಹೇಲು ಹಾಕಿರುತ್ತಾರೆ. ಯುದ್ಧ ಅಂದರೆ ಬಹುಪಾಲು ಇದೇ: ಹೊರುವುದು, ಬೇಯಿಸುವುದು, ಕಾಯುವುದು, ಭೇದಿಯಾಗದಂತೆ ನೋಡಿಕೊಳ್ಳುವುದು.

ಮತ್ತೆ ಆ ಹುಡುಗಿಯ ಹತ್ತಿರವೇ ಬರುತ್ತೇನೆ. ತಲೆಗಳೇನೂ ಹೆದರಿಕೆಯ ವಸ್ತುವಲ್ಲ, ಆ ರಕ್ತದ ವಾಸನೆಯ ನಡುವೆಯೇ ಮಲಗುತ್ತಿದ್ದೆವು ಅನ್ನುತ್ತಾಳೆ ಅವಳು. ಅವಳ ಕಲ್ಲುಮನಸ್ಸಿಗೆ ಇದು ಸಾಕ್ಷಿ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಹೆದರಲಿಕ್ಕೂ ಪುರುಸೊತ್ತು ಬೇಕು. ನನಗೆ ಸಿಟ್ಟು ಬರುವುದು ಕಪ್ಪು ಹಚ್ಚಿಕೊಡಿ ಅಂತ ಬಂದವರ ಮೇಲೆ. ಯಾವನೋ ಬಡಪಾಯಿ ಕಾಲಾಳನ್ನು ಕೊಂದು, ಸತ್ತ ಮೇಲೆ ಅವನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಿ, ಆ ಸುಳ್ಳಿಗೆ ಒಂದು ಹುಡುಗಿಯ ಕೈ ಬಳಸಿಕೊಂಡರು. ಹೀಗೆ ಸಿಂಗರಿಸಿದ ತಲೆಗಳೇ ವೀರರ ಪಟ್ಟಿಗೆ ಎಷ್ಟು ಸೇರಿದವೋ. 1615ರಲ್ಲಿ ಒಸಾಕಾ ಕೋಟೆ ಬಿದ್ದು ಯುದ್ಧಗಳು ಹೆಚ್ಚುಕಡಿಮೆ ನಿಂತ ಮೇಲೆ, ಸೊಂಟದಲ್ಲಿ ಕತ್ತಿ ಬಿಟ್ಟರೆ ಬೇರೇನೂ ತೋರಿಸಲಿಕ್ಕಿಲ್ಲದ ತಲೆಮಾರುಗಳೇ ಕತ್ತಿಯನ್ನು ಯೋಧನ ಆತ್ಮ ಮಾಡಿದವು.

ಓ-ಆನ್‌ಳ ಅಪ್ಪನ ವರಮಾನ 300 ಕೊಕು. ಒಂದು ಕೊಕು ಅಂದರೆ ಒಬ್ಬನಿಗೆ ವರ್ಷವಿಡೀ ಸಾಲುವಷ್ಟು ಅಕ್ಕಿ. ಅಂಥ ಮನೆಯಲ್ಲೂ ದಿನವೂ ಗಂಜಿಯೇ. ಹದಿಮೂರರಲ್ಲಿ ಹೊಲಿಸಿದ ಒಂದೇ ಒಂದು ಬಟ್ಟೆಯನ್ನು ಹದಿನೇಳರವರೆಗೆ ಉಟ್ಟಳು, ಮೊಣಕಾಲಿನ ಕೆಳಗೆಲ್ಲ ಕಾಣುತ್ತಿತ್ತು, ನಾಚಿಕೆಯಾಗುತ್ತಿತ್ತು. ಕೋಟೆಯಲ್ಲಿ ಹದಿನಾಲ್ಕರ ತಮ್ಮನಿಗೆ ಗುಂಡು ತಗುಲಿ, ಅವಳ ಕಣ್ಣೆದುರೇ ವಿಲವಿಲ ಒದ್ದಾಡಿ ಸತ್ತ.

ಅವರನ್ನು ಉಳಿಸಿದ್ದೂ ಕತ್ತಿಯಲ್ಲ. ಅಪ್ಪ ಹಿಂದೆ ತೊಕುಗಾವಾ ಇಯೆಯಾಸುವಿಗೆ ಅಕ್ಷರ ತಿದ್ದಿಸಿದ್ದ, ಹಾಗಾಗಿ ತಪ್ಪಿಸಿಕೊಂಡು ಹೋಗಬಹುದೆಂಬ ಓಲೆ ಬಾಣಕ್ಕೆ ಕಟ್ಟಿ ಬಂತು. ಗೋಡೆಯಿಂದ ಹಗ್ಗದಲ್ಲಿ ಇಳಿದು, ಬಟ್ಟಲಿನಂಥ ಮರದ ತೊಟ್ಟಿಯಲ್ಲಿ ಕಂದಕ ದಾಟಿದರು. ಅರ್ಧ ಕಿಲೋಮೀಟರ್ ಹೋಗಿರಬೇಕು, ತುಂಬು ಬಸುರಿ ತಾಯಿಗೆ ನೋವು ಬಂತು. ಹೆಣ್ಣು ಹುಟ್ಟಿತು. ಜೊತೆಗಿದ್ದವರು ಕೂಸನ್ನು ಗದ್ದೆಯ ನೀರಿನಲ್ಲಿ ತೊಳೆದು ಬಟ್ಟೆಯಲ್ಲಿ ಸುತ್ತಿಕೊಂಡರು, ಅಪ್ಪ ತಾಯಿಯನ್ನು ಹೆಗಲಿಗೆ ಹಾಕಿಕೊಂಡ, ಎಲ್ಲರೂ ಆಓನೊ ಬಯಲಿನ ಕಡೆ ನಡೆದರು.