ಲೂಪಸ್ ಇದೆ, ಇಮ್ಯುನಿಟಿ ಹೆಚ್ಚಿಸೋಕೆ ಏನು ತಗೊಳ್ಳಲಿ?

ಏನೂ ತಗೊಳ್ಳಬೇಡಿ.

ಲೂಪಸ್ ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ದಾಳಿ ಮಾಡುವ ಆಟೊಇಮ್ಯೂನ್ ಕಾಯಿಲೆ; ಚರ್ಮದ ಲೂಪಸ್‌ನಲ್ಲಿ ಚರ್ಮ ಕೆಂಪಾಗುತ್ತದೆ. ಅದರ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, "ಇಮ್ಯುನಿಟಿ ವೀಕ್ ಆಗಿದೆ ಅಲ್ವಾ" ಅನ್ನುವ ತೀರ್ಪಿನ ಸಮೇತ. ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ, ಯಾಕೆಂದರೆ ಅದರ ಬೆನ್ನಿಗೇ ಪುಡಿ, ಕಷಾಯ, ಮಾತ್ರೆ ಶುರುವಾಗುತ್ತವೆ. ಸ್ಪಿರುಲಿನಾ, ಎಕಿನೇಶಿಯಾ ತಗೊಂಡ ಮೇಲೆ ಲೂಪಸ್‌ನಂಥ ಕಾಯಿಲೆಗಳು ಕೆರಳಿದ ವರದಿಗಳಿವೆ. ಅಮೃತಬಳ್ಳಿ ಸೇವಿಸಿದವರಲ್ಲಿ ಆಟೊಇಮ್ಯೂನ್ ಲಕ್ಷಣದ ಲಿವರ್ ಹಾನಿ ಕಂಡದ್ದನ್ನು ಕೋವಿಡ್ ಕಾಲದಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. ಕೆಂಪಾದ ಆ ಚರ್ಮದೊಳಗೆ ಇಮ್ಯೂನ್ ಕೋಶಗಳು ಈಗಾಗಲೇ ಅತಿಯಾಗಿ ಕೆಲಸ ಮಾಡುತ್ತಿವೆ. ಅವನ್ನು ಇನ್ನೂ ಹುರಿದುಂಬಿಸುವುದು ಯಾಕೆ?

ಕೇಳಬೇಕಾದದ್ದು ಬೇರೆ: ಬಿಸಿಲಿಗೆ ಹೋದ ದಿನ ಏನೂ ಆಗಲಿಲ್ಲ, ವಾರ ಕಳೆದ ಮೇಲೆ ಯಾಕೆ ಕೆಂಪಾಯಿತು?

ಒಂದರ ಹಿಂದೆ ಒಂದು ನಡೆಯುವ ಕೆಲಸಗಳಿಗೆ ಅಷ್ಟು ದಿನ ಹಿಡಿಯುತ್ತದೆ. ಬಿಸಿಲಿನ ಯುವಿ ಕಿರಣ ತಗುಲಿ ಕೆರಟಿನೋಸೈಟ್‌ಗಳು, ಅಂದರೆ ಚರ್ಮದ ಮೇಲ್ಪದರದ ಕೋಶಗಳು, ಸಾಯುತ್ತವೆ. ಕೋಶದೊಳಗಿದ್ದ ರೋ (Ro) ಎಂಬ ಪ್ರೋಟೀನ್ ಅದರ ಹೊರಮೈಗೆ ಬರುತ್ತದೆ, ಡಿಎನ್‌ಎ, ಆರ್‌ಎನ್‌ಎ ಚೂರುಗಳು ಚೆಲ್ಲುತ್ತವೆ. ಆಂಟಿಬಾಡಿ ಅಂಟಿದ ಆ ಚೂರುಗಳನ್ನು ಪ್ಲಾಸ್ಮಸೈಟಾಯ್ಡ್ ಡೆಂಡ್ರಿಟಿಕ್ ಕೋಶಗಳು ಎಂಬ ಇಮ್ಯೂನ್ ಕೋಶಗಳು ನುಂಗುತ್ತವೆ. ಅವುಗಳೊಳಗೆ ವೈರಸ್ ಗುರುತಿಸುವ ಟಿಎಲ್‌ಆರ್7, ಟಿಎಲ್‌ಆರ್9 ಎಂಬ ರಿಸೆಪ್ಟರ್‌ಗಳಿವೆ; ಅವು ಇದನ್ನು ವೈರಸ್ ಎಂದೇ ಓದಿಕೊಳ್ಳುತ್ತವೆ, ಕೋಶಗಳು ಇಂಟರ್‌ಫೆರಾನ್ ಆಲ್ಫಾ ಎಂಬ ಎಚ್ಚರಿಕೆಯ ಪ್ರೋಟೀನ್ ಸುರಿಸುತ್ತವೆ. ಕೆರಟಿನೋಸೈಟ್‌ಗಳೂ ಸುಮ್ಮನಿರುವುದಿಲ್ಲ, ತಮ್ಮದೇ ಇಂಟರ್‌ಫೆರಾನ್ ಕಪ್ಪಾ ಸೇರಿಸುತ್ತವೆ. ಆಮೇಲೆ ಸಿಎಕ್ಸ್‌ಸಿಎಲ್9, ಸಿಎಕ್ಸ್‌ಸಿಎಲ್10 ಎಂಬ ಕೀಮೋಕೈನ್‌ಗಳು, ಅಂದರೆ ಕೋಶಗಳನ್ನು ಕರೆಯುವ ಸಂಕೇತ ಪ್ರೋಟೀನ್‌ಗಳು, ರಕ್ತದಿಂದ ಟಿ ಕೋಶಗಳೆಂಬ ಬಿಳಿ ರಕ್ತಕಣಗಳನ್ನು ಕರೆತರುತ್ತವೆ. ಅವುಗಳಲ್ಲಿ ಕೊಲ್ಲುವ ಬಗೆಯವಾದ ಸಿಡಿ8 ಟಿ ಕೋಶಗಳು ಪರ್ಫೊರಿನ್, ಗ್ರಾಂಜೈಮ್ ಎಂಬ ಪ್ರೋಟೀನ್ ಬಳಸಿ ಮೇಲ್ಚರ್ಮದ ತಳಪದರದ ಕೋಶಗಳನ್ನು ಕೊಲ್ಲುತ್ತವೆ. ಸತ್ತವುಗಳ ಚೂರು ಮತ್ತೆ ಮೊದಲಿನ ಚಕ್ರಕ್ಕೇ ಹೋಗುತ್ತದೆ.

ಬಯಾಪ್ಸಿಯಲ್ಲಿ, ಅಂದರೆ ಚರ್ಮದ ಚೂರು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ, ಇದು ಕಣ್ಣಿಗೇ ಕಾಣುತ್ತದೆ: ಎಪಿಡರ್ಮಿಸ್ (ಮೇಲ್ಚರ್ಮ), ಡರ್ಮಿಸ್ (ಒಳಚರ್ಮ) ಕೂಡುವ ಗೆರೆಯುದ್ದಕ್ಕೂ ಟಿ ಕೋಶದಂಥ ಲಿಂಫೋಸೈಟ್‌ಗಳು, ತಳಪದರದಲ್ಲಿ ಸಣ್ಣ ಸಣ್ಣ ಟೊಳ್ಳು. ಚರ್ಮದ ಲೂಪಸ್‌ನ ಒಂದು ಬಗೆಯಾದ ಡಿಸ್ಕಾಯ್ಡ್ ಲೂಪಸ್‌ನಲ್ಲಿ ದಾಳಿ ಕೂದಲ ಬುಡಕ್ಕೂ ಇಳಿಯುತ್ತದೆ. ಕೂದಲನ್ನು ಮತ್ತೆ ಹುಟ್ಟಿಸುವ ಅಲ್ಲಿನ ಸ್ಟೆಮ್ ಸೆಲ್ ನಾಶವಾಗಿ ಕಲೆ ಕಟ್ಟಿದರೆ ಆ ಜಾಗದಲ್ಲಿ ಕೂದಲು ಮತ್ತೆ ಹುಟ್ಟುವುದಿಲ್ಲ. "ಆರು ತಿಂಗಳು ಕಷಾಯ ಕುಡಿದು ನೋಡೋಣ" ಅಂದಾಗ ನಾನು ಸಿಡುಕುವುದು ಇದಕ್ಕೇ.

ಲೂಪಸ್‌ಗೆ ವೈದ್ಯರು ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಆ ಟಿಎಲ್‌ಆರ್ ಹಂತದಲ್ಲೇ ಅಡ್ಡ ನಿಲ್ಲುತ್ತದೆ. ಮಿತಿ ದಿನಕ್ಕೆ ದೇಹತೂಕದ ಕೆಜಿಗೆ 5 ಮಿಲಿಗ್ರಾಂ, ಅಂದರೆ 50 ಕೆಜಿ ತೂಕಕ್ಕೆ 250 ಮಿಲಿಗ್ರಾಂ. ಪರಿಣಾಮ ಕಾಣಲು ಎರಡು ಮೂರು ತಿಂಗಳು ಬೇಕು. ಮೂರನೇ ವಾರಕ್ಕೇ "ಕೆಲಸ ಮಾಡ್ತಿಲ್ಲ" ಅಂತ ಬಿಡಬೇಡಿ. ಸಿಗರೇಟು ಸೇದುವವರಲ್ಲಿ ಫಲ ಕಡಿಮೆ. ಈ ಔಷಧ ಕಣ್ಣಿನ ರೆಟಿನಾಗೆ ಹಾನಿ ಮಾಡಬಹುದು, ಹಾಗಾಗಿ ರೆಟಿನಾ ತಪಾಸಣೆ ಶುರುವಿನಲ್ಲೊಮ್ಮೆ, ಐದು ವರ್ಷದ ನಂತರ ಪ್ರತಿವರ್ಷ. ಕಿಡ್ನಿ ತೊಂದರೆ ಇದ್ದರೆ ಇನ್ನೂ ಬೇಗ. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಅನಿಫ್ರೋಲುಮ್ಯಾಬ್ ಎಂಬ ಔಷಧ ಇಂಟರ್‌ಫೆರಾನ್ ರಿಸೆಪ್ಟರನ್ನೇ ಮುಚ್ಚುತ್ತದೆ. ಅದು ದೇಹವಿಡೀ ಹರಡುವ ಲೂಪಸ್‌ಗೆ.

ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ಕೆಂಪನ್ನು ತಗ್ಗಿಸುತ್ತದೆ ನಿಜ, ತಿಂಗಳುಗಟ್ಟಲೆ ಹಚ್ಚಿದರೆ ಮುಖದ ಚರ್ಮ ತೆಳುವಾಗುತ್ತದೆ. ಬಿಸಿಲು ತಡೆಯದಿದ್ದರೆ ಚಕ್ರ ಮತ್ತೆ ತಿರುಗುತ್ತದೆ. ಮುಖ, ಕುತ್ತಿಗೆಗೆ ಎರಡು ಬೆರಳುದ್ದ ಎಸ್‌ಪಿಎಫ್ 50 ಸನ್‌ಸ್ಕ್ರೀನ್, ಹೊರಗಿದ್ದರೆ ಎರಡು ಗಂಟೆಗೊಮ್ಮೆ. ಬಸ್ಸಿನ ಕಿಟಕಿ ಪಕ್ಕ ಕೂತರೂ ಹಚ್ಚಿ, ಯುವಿಎ ಗಾಜು ದಾಟಿ ಬರುತ್ತದೆ.