ಫಹೀಟಾ ಅಭ್ಯಾಸ: ಈ ವಾರ ನೀರಿನೊಂದಿಗೆ ಜಗಳ

ಹ್ಯೂಸ್ಟನ್ನಿನ ನಮ್ಮ ಅಡುಗೆಮನೆಯಲ್ಲಿ ನಡೆಯುತ್ತಿರುವ ಸ್ಟೇಕ್ ಫಹೀಟಾ (ಸುಟ್ಟ ದನದ ಮಾಂಸವನ್ನು ರೊಟ್ಟಿಯಲ್ಲಿ ಸುತ್ತಿ ತಿನ್ನುವ ತಿನಿಸು) ಪ್ರಯೋಗ ಈ ಶನಿವಾರ ಒಂದು ಹದಕ್ಕೆ ಬಂತು. ಮಾಂಸದ ವಿಷಯ ಬಹುಮಟ್ಟಿಗೆ ಇತ್ಯರ್ಥವಾಗಿದೆ. ಜೊತೆಗಿನ ಟೊಮೆಟೊ ಚಟ್ನಿ, ಅಂದರೆ ಸಾಲ್ಸಾದ್ದು ಇನ್ನೂ ಬಾಕಿ.

ಬಳಸುತ್ತಿರುವುದು ಸ್ಕರ್ಟ್ ಸ್ಟೇಕ್, ಅಂದರೆ ದನದ ವಪೆಯ (ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ) ಉದ್ದನೆಯ ಪಟ್ಟಿ. ದಕ್ಷಿಣ ಟೆಕ್ಸಸ್‌ನ ರಿಯೊ ಗ್ರಾಂಡೆ ಕಣಿವೆಯಲ್ಲಿ 1930ರ ದಶಕದಲ್ಲಿ ಮೆಕ್ಸಿಕನ್ ದನಗಾಹಿಗಳಿಗೆ ತಲೆ, ಕರುಳುಗಳ ಜೊತೆ ಕೂಲಿಯ ಭಾಗವಾಗಿ ಕೊಡುತ್ತಿದ್ದ ಮಾಂಸ ಇದು. 1973ರಲ್ಲಿ ನಿನ್ಫಾ ಲಾರೆನ್ಜೊ ನಮ್ಮದೇ ಊರಿನ ನ್ಯಾವಿಗೇಷನ್ ರಸ್ತೆಯಲ್ಲಿ ಹೋಟೆಲು ತೆರೆದು, ಇದನ್ನು ಕೆಂಡದ ಮೇಲೆ ಸುಟ್ಟು ಟೋರ್ಟಿಯಾದಲ್ಲಿ (ತೆಳು ಮೆಕ್ಸಿಕನ್ ರೊಟ್ಟಿಯಲ್ಲಿ) ಸುತ್ತಿಕೊಟ್ಟು ಹೆಸರು ಮಾಡಿದರು. ಇಂದಿನ ಬೆಲೆ ಕೇಳಿದರೆ ಆ ದನಗಾಹಿಗಳು ನಕ್ಕಾರು.

ನಿಂಬೆರಸ, ಬೆಳ್ಳುಳ್ಳಿ, ಜೀರಿಗೆಪುಡಿ, ಉಪ್ಪು, ಎಣ್ಣೆ ಹಚ್ಚಿ ಸುಮಾರು ಒಂದು ಗಂಟೆ ಇಟ್ಟರೆ ಸಾಕು. ರಾತ್ರಿಯಿಡೀ ನೆನೆಸಿದರೆ ಹುಳಿಗೆ ಮೇಲ್ಪದರ ಮೆತ್ತಗಾಗಿಬಿಡುತ್ತದೆ. ಒಲೆಗೆ ಹೋಗುವ ಮುನ್ನ ತುಂಡನ್ನು ಚೆನ್ನಾಗಿ ಒರೆಸುತ್ತೇನೆ. ತೇವವಿದ್ದರೆ ಅದು ಕೆಂಪಗೆ ಸುಡುವುದಿಲ್ಲ, ಬೇಯುತ್ತದೆ ಅಷ್ಟೆ. ಬೀಡುಕಬ್ಬಿಣದ ಕಾವಲಿ ಹೊಗೆಯಾಡುವಷ್ಟು ಕಾಯಬೇಕು. ಆಮೇಲೆ ಪ್ರತಿ ಬದಿಗೆ ಎರಡು–ಮೂರು ನಿಮಿಷ. ಈರುಳ್ಳಿ, ದೊಣ್ಣೆಮೆಣಸಿನಕಾಯಿಗೆ ಅದೇ ಕಾವಲಿ, ಆದರೆ ಬೇರೆ ಸರದಿ.

ಕತ್ತರಿಸುವುದರಲ್ಲೇ ಅರ್ಧ ರುಚಿ ಅಡಗಿದೆ. ಸ್ಕರ್ಟ್‌ನಲ್ಲಿ ಎಳೆಗಳು ಪಟ್ಟಿಯ ಅಗಲಕ್ಕೆ ಓಡುತ್ತವೆ. ಆದ್ದರಿಂದ ಮೊದಲು ಪಟ್ಟಿಯನ್ನು ಅಂಗೈ ಅಗಲದ ತುಂಡುಗಳಾಗಿಸಿ, ಪ್ರತಿ ತುಂಡನ್ನೂ ತಿರುಗಿಸಿಟ್ಟು, ಎಳೆಗೆ ಅಡ್ಡವಾಗಿ ತೆಳ್ಳಗೆ ಕೊಯ್ಯಬೇಕು. ಹಾಗೆ ಮಾಡದಿದ್ದರೆ ಹಗ್ಗ ಅಗಿದಂತೆ.

ಸಾಲ್ಸಾಕ್ಕೆ ರೋಮಾ ಟೊಮೆಟೊ, ಬಿಳಿ ಈರುಳ್ಳಿ, ಸೆರಾನೊ ಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ನಿಂಬೆ. ಮಿಕ್ಸಿಗೆ ಪ್ರವೇಶವಿಲ್ಲ: ಅದು ಗಾಳಿ ತುಂಬಿ ಟೊಮೆಟೊವನ್ನು ಗುಲಾಬಿ ನೊರೆಯಾಗಿಸುತ್ತದೆ. ಹೆಚ್ಚಿದ ಟೊಮೆಟೊಗೆ ಉಪ್ಪು ಬೆರೆಸಿ ಕಾಲು ಗಂಟೆ ಜರಡಿಯಲ್ಲಿಟ್ಟೆ. ಇಳಿದ ನೀರು ಭಾನುವಾರದ ಸಾರಿಗೆ ಸೇರಿತು. ಟೋರ್ಟಿಯಾ ಕೊನೆಯವರೆಗೂ ನೆನೆಯಲಿಲ್ಲ. ಮಗಳಿಗಾಗಿ ಸೆರಾನೊದ ಒಳಗಿನ ಬಿಳಿ ತಿರುಳನ್ನು ಕೆರೆದು ತೆಗೆದೆ. ಖಾರ ಹೆಚ್ಚಾಗಿ ಇರುವುದು ಅಲ್ಲಿಯೇ, ಬೀಜದಲ್ಲಲ್ಲ. ನನಗೆ ಮಾತ್ರ ಸಪ್ಪೆ ಎನಿಸಿತು.

ಮುಂದಿನದು ಟೊಮೆಟೊವನ್ನು ಕಪ್ಪಾಗುವವರೆಗೆ ಸುಟ್ಟು ಮೊಲ್ಕಹೇಟೆಯಲ್ಲಿ ಅರೆಯುವ ಸಾಲ್ಸಾ. ಜ್ವಾಲಾಮುಖಿ ಶಿಲೆಯ ಆ ಒರಳು ಮನೆಗೆ ಬಂದಿದೆ. ಪುಡಿಗಲ್ಲು ಹೋಗಲೆಂದು ಅದರಲ್ಲಿ ಒಣ ಅಕ್ಕಿ ಅರೆಯುತ್ತಿದ್ದೇನೆ. ಹಿಟ್ಟು ಇನ್ನೂ ಬೂದು ಬಣ್ಣದ್ದೇ. ಬಿಳಿಯಾದ ಮೇಲೆಯೇ ಟೊಮೆಟೊಗೆ ಸರದಿ.